ಗೋಡೆಗೆ ಮೊಳೆ ಹೊಡೆಯುವಂತಿಲ್ಲ

ಮನೆ ಕಟ್ಟಿಸುವವರೆಗೆ ನಾನು ಒಳ್ಳೆಯ ಮನುಷ್ಯನಾಗಿದ್ದೆ ಎಂದು ನನ್ನ ಹೆಂಡತಿ ಹೇಳುತ್ತಾಳೆ. ರಾಯಚೂರಿನಲ್ಲಿ ಮೇಲೊಂದು ಅಂತಸ್ತು ಎಬ್ಬಿಸಿ ಬಾಡಿಗೆಗೆ ಕೊಟ್ಟ ಮೇಲೆ ನನ್ನ ಕಣ್ಣು ಕಿವಿ ಎರಡೂ ಮಾಲೀಕನವಾದವು. ಮೇಲೆ ಕುರ್ಚಿ ಎಳೆದರೆ ನನ್ನ ಎದೆ ಮೇಲೆ ಎಳೆದಂತಾಗುತ್ತದೆ. ನಲ್ಲಿ ತುಸು ಹೊತ್ತು ಹೆಚ್ಚು ಸುರಿದರೆ ಕೃಷ್ಣೆಯೇ ಬತ್ತಿಹೋಗುತ್ತಾಳೆ ಅನಿಸುತ್ತದೆ. ಎಲ್ಲಕ್ಕಿಂತ ದೊಡ್ಡ ಚಿಂತೆ ಮೊಳೆಯದು. ಬಾಡಿಗೆದಾರರು ಬಂದ ದಿನವೇ ಹೇಳಿಬಿಡುತ್ತೇನೆ: "ಏನರೆ ಮಾಡ್ರಿ, ಗ್ವಾಡಿಗೆ ಮಾತ್ರ ಮೊಳಿ ಹೊಡೀಬ್ಯಾಡ್ರಿ." ಮಸ್ಕಿಯ ಬಂಡೆಯ ಮೇಲೆ ಶಾಸನ ಕೊರೆಸಿದ ಆ ಬೌದ್ಧ ಚಕ್ರವರ್ತಿಗೆ ನನ್ನಂಥ ಮಾಲೀಕ ಸಿಕ್ಕಿದ್ದರೆ ನಮ್ಮ ಜಿಲ್ಲೆಗೆ ಚರಿತ್ರೆಯೇ ಇರುತ್ತಿರಲಿಲ್ಲ.

ಇಂಥ ನಾನು ಅರ್ಧ ಆಯುಷ್ಯ ಬಾಡಿಗೆ ಮನೆಗಳಲ್ಲೇ ಕಳೆದವನು. ನಮ್ಮ ಕಡೆಯ ಮಾಲೀಕರು ಸಭ್ಯರು, ಜಾತಿಯನ್ನು ಬಾಯಿಬಿಟ್ಟು ಕೇಳುವುದಿಲ್ಲ. "ಊರಾಗ ಮನಿ ಯಾವ ಓಣ್ಯಾಗ ಬರ್ತದರೀ?" ಎನ್ನುತ್ತಾರೆ. ಓಣಿ ಗೊತ್ತಾದರೆ ಉಳಿದದ್ದೆಲ್ಲ ಗೊತ್ತಾದಂತೆ. ನನ್ನದು ದೇವದುರ್ಗ ತಾಲೂಕಿನ ಗೂಗಲ್. "ಅಲ್ಲಮಪ್ರಭು ಗುಡಿ ಅದಲ್ರಿ, ಅದೇ ಊರು" ಎಂದುಬಿಡುತ್ತಿದ್ದೆ. ಮಾಲೀಕರು ಕೂತಲ್ಲೇ ಕೈಮುಗಿದು ಓಣಿಯನ್ನು ಮರೆಯುತ್ತಿದ್ದರು. ಅಲ್ಲಮಪ್ರಭು ಕೊಡಿಸಿದಷ್ಟು ಬಾಡಿಗೆ ಮನೆಗಳನ್ನು ನನಗೆ ಯಾವ ಏಜೆಂಟನೂ ಕೊಡಿಸಿಲ್ಲ.

ನಾವು ಬೌದ್ಧರು, ಕೂಲಿ ಮಾಡಿ ಓದಿಸಿದವರ ಮಕ್ಕಳು. ಬುದ್ಧನೂ ನೀಲಿ ಕೋಟಿನ ಆ ಮಹನೀಯರೂ ಜೊತೆಗಿರುವ ಪಟವೊಂದನ್ನು ಅವ್ವ ಕೊಟ್ಟಿದ್ದಳು. ಅದು ಗೋಡೆಗೆ ಬಂದರೆ ಓಣಿ ಹೇಳಿದಂತೆಯೇ. ಹಾಗಾಗಿ ಟ್ರಂಕಿನಲ್ಲೇ ನಮ್ಮ ಜೊತೆ ಮನೆ ಮನೆ ತಿರುಗಿತು. ಸ್ವಂತ ಮನೆಯಾದ ಮೇಲಾದರೂ ಪಡಸಾಲೆಗೆ ಬಂತೇ? ಇಲ್ಲ. ಮನೆ ಕೇಳಿಕೊಂಡು ಬಂದವರು ಅದನ್ನು ಕಂಡು ವಾಪಸು ಹೋದರೆ? ಮೇಲಿನ ಮನೆ ಖಾಲಿ ಬಿದ್ದೀತೆಂದು ಮಲಗುವ ಕೋಣೆಯಲ್ಲಿ ಹಾಕಿದೆ. ಪಡಸಾಲೆಯಲ್ಲಿ ಯಾವುದೋ ಜಲಪಾತದ ಚಿತ್ರವಿದೆ.

ಹೋದ ವಾರ ಮೇಲಿನ ಟ್ಯಾಂಕ್ ಸೋರಿ ಗೋಡೆಗೆ ತೇವ ಬಂದಿದೆಯೇ ಎಂದು ನೋಡಲು ಹೋದೆ. ಅಲ್ಲಿರುವವರು ಮಾನ್ವಿ ತಾಲೂಕಿನ ಕಲ್ಲೂರಿನವರು: ಕಾಲೇಜಿನಲ್ಲಿ ಗುಮಾಸ್ತನಾಗಿರುವ ಹನುಮೇಶ, ಅವನ ಬಸುರಿ ಹೆಂಡತಿ ರೇಣುಕಾ. ತೇವ ಒಂದು ನೆಪ, ನಾನು ಹುಡುಕಿದ್ದು ಮೊಳೆ. ಒಂದೂ ಇರಲಿಲ್ಲ. ಆ ಖುಷಿಯಲ್ಲಿ ಗೋಡೆಯ ಅಲಮಾರಿಗೂ ಕೈ ಹಾಕಿದೆ.

"ಅದರಾಗ ಏನಿಲ್ರಿ ಸರ್, ಅರಿವಿ ಅದಾವ" ಎಂದಳು ರೇಣುಕಾ.

ಮಾಲೀಕನಿಗೆ ಅಷ್ಟು ಸಾಕು, ತೆಗೆದೇಬಿಟ್ಟೆ. ಬಾಗಿಲ ಒಳಮೈಗೆ ಟೇಪಿನಿಂದ ಅಂಟಿಸಿದ್ದ ಅಂಥದೇ ಪಟ. ಕೆಳಗೆ ಅರ್ಧ ಉರಿದ ಮೇಣದಬತ್ತಿ. ಅವಳ ಮುಖ ಬಿಳಿಚಿಕೊಂಡಿತು. ನಾವೂ ನಿಮ್ಮವರೇ ಎನ್ನುವುದು ಬಿಟ್ಟು "ತೇವ ಬಂದಿಲ್ಲ ಬಿಡ್ರಿ" ಎಂದು ಕೆಳಗಿಳಿದೆ.

ಮರುದಿನ ಬೆಳಿಗ್ಗೆ ಹನುಮೇಶ ಬಾಗಿಲಲ್ಲಿ ನಿಂತಿದ್ದ. ಕರೆದರೂ ಒಳಗೆ ಬರಲಿಲ್ಲ.

"ಮನಿ ಖಾಲಿ ಮಾಡ್ತೀವ್ರಿ ಸರ್. ಬ್ಯಾರೆ ಕಡಿ ನೋಡಾಕತ್ತೀನಿ. ಆಕಿ ಹೆರಿಗಿ ಆಗೋತನಕ ಟೈಮ್ ಕೊಡ್ರಿ."

ಪಟ ಕಂಡ ಮೇಲೆ ನಾನು ಮನೆ ಬಿಡಿಸುತ್ತೇನೆಂದೇ ಅವರು ತಿಳಿದಿದ್ದರು. ಹಿಂದಿನ ಮಾಲೀಕರು ಅವರಿಗೆ ಅಷ್ಟನ್ನು ಕಲಿಸಿದ್ದರು. ಅವನ ಕೈ ಹಿಡಿದು ಮಲಗುವ ಕೋಣೆಗೆ ಎಳೆದುಕೊಂಡು ಹೋಗಿ ಪಟ ತೋರಿಸಿದೆ. "ಎಲ್ಲಿಗೂ ಹೋಗಬ್ಯಾಡಪಾ. ನಾವೂ ಅವರ ಮಂದಿನೇ."

ಹನುಮೇಶ ಪಟಕ್ಕೆ ಕೈಮುಗಿದ. ಉಸಿರು ಬಿಟ್ಟು ಮಂಚದ ಅಂಚಿನಲ್ಲಿ ಕೂತ. ಕೋಣೆಯನ್ನೊಮ್ಮೆ, ಬಾಗಿಲಾಚೆ ಕಾಣುತ್ತಿದ್ದ ಜಲಪಾತವನ್ನೊಮ್ಮೆ ನೋಡಿದ. ಆಮೇಲೆ ಕೇಳಿದ. ಕೊಂಕಿನಿಂದಲ್ಲ, ನಿಜಕ್ಕೂ ತಿಳಿಯದೆ ಕೇಳಿದ.

"ಸರ್, ನಮಗಂತೂ ಅಂಜಾಕ ನೀವು ಮಾಲಕರು ಅದೀರಿ. ನಿಮಗ್ಯಾರು ಅದಾರ್ರಿ?"

ಅವರು ಮನೆ ಬಿಡಲಿಲ್ಲ. ಜಲಪಾತವೂ ಇನ್ನೂ ಪಡಸಾಲೆ ಬಿಟ್ಟಿಲ್ಲ.