ಕೊಂಬಿನ ಹಾಲು

ಮೊನ್ನೆ ನಮ್ಮ ಹಳೆಯ ಊರಿಗೆ ಹೋಗಿದ್ದೆ. ಪಾಂಡವಪುರದಿಂದ ನಾಲೆಯ ಏರಿ ಹಿಡಿದು ಒಂದಷ್ಟು ದೂರ ಹೋದರೆ ಸಿಗುವ ಹಳ್ಳಿ ಅದು. ಮಗಳು ಶ್ರೀರಂಗಪಟ್ಟಣದಲ್ಲಿ ಮನೆ ಮಾಡಿದ ಮೇಲೆ ನಾನೂ ನನ್ನ ಹೆಂಡತಿಯೂ ಅಲ್ಲಿಗೆ ಬಂದು ಹದಿನೈದು ವರ್ಷದ ಮೇಲಾಯಿತು. ಈ ಸಲ ಹೋದದ್ದು ನೆಂಟರ ಮನೆಯ ಗೃಹಪ್ರವೇಶಕ್ಕೆ. ಬೆಳಿಗ್ಗೆ ಆರಕ್ಕೇ ಎಚ್ಚರವಾಯಿತು. ಕಾಫಿಗೆ ಹಾಲು ಸಾಲದು ಎಂದು ಅಡುಗೆಯವರು ಗೊಣಗುತ್ತಿದ್ದರು. 'ತಾಳ್ರಪ್ಪ, ನಾನು ತತ್ತೀನಿ' ಎಂದು ಚೊಂಬು ಹಿಡಿದು ಹೊರಟೆ. ಕಾಲು ತಾನಾಗಿಯೇ ಡೇರಿಯ ಕಡೆ ತಿರುಗಿತು. ತಿರುಗದೆ ಏನು ಮಾಡೀತು, ಇಪ್ಪತ್ತು ವರ್ಷಕ್ಕೂ ಹೆಚ್ಚು ಅದೇ ದಾರಿ ಸವೆಸಿದ ಕಾಲು!

ಡೇರಿ ಬಹಳ ಬದಲಾಗಿದೆ. ಗೋಡೆಗೆ ಟೈಲ್ಸು, ಮೇಜಿನ ಮೇಲೆ ಹಾಲು ಪರೀಕ್ಷಿಸುವ ಮಿಷನ್ನು, ಹಾಲು ಹಾಕಿದವರಿಗೆಲ್ಲ ಬಸ್ ಟಿಕೆಟ್ಟಿನಂಥ ಚೀಟಿ. ಬದಲಾಗದೆ ಉಳಿದಿರುವುದು ವಾಸನೆ ಒಂದೇ: ಹಸಿ ಹಾಲು, ತೊಳೆದ ಕ್ಯಾನು, ಒದ್ದೆ ಸಿಮೆಂಟು ಮೂರೂ ಸೇರಿದ ವಾಸನೆ. ಅದು ಮೂಗಿಗೆ ಬಿದ್ದದ್ದೇ ತಡ, ನನ್ನ ಬೆನ್ನು ನೆಟ್ಟಗಾಯಿತು. ಮೇಜಿನ ಹಿಂದೆ ಸೆಕ್ರೆಟರಿಯಾಗಿ ಕೂತಿದ್ದವಳು ಇಪ್ಪತ್ತೈದರ ಆಸುಪಾಸಿನ ಹೆಣ್ಣುಮಗಳು, ಈ ಊರಿಗೆ ಸೊಸೆಯಾಗಿ ಬಂದವಳಂತೆ. ನನ್ನ ಗುರುತು ಅವಳಿಗೆ ಇರುವಂತಿರಲಿಲ್ಲ.

'ಒಂದು ಲೀಟರು ಹಾಲು ಕೊಡವ್ವ' ಎಂದೆ.

'ಮಾರೋ ಹಾಲು ಮುಗ್ದೋಯ್ತು ತಾತ. ಮಿಕ್ಕಿದ್ದೆಲ್ಲ ಲಾರಿಗೋಯ್ತದೆ.'

ಅವಳ ಪಕ್ಕದಲ್ಲಿ ಒಂದು ಪುಟ್ಟ ಕ್ಯಾನು ಇತ್ತು. ಮಿಷನ್ನಿಗೆ ಹಿಡಿದು ಮಿಕ್ಕ ಹಾಲನ್ನು ಅವಳು ಅದಕ್ಕೆ ಸುರಿಯುತ್ತಿದ್ದಳು. 'ಅದರಲ್ಲೇ ಒಂದಿಷ್ಟು ಕೊಡು' ಎಂದೆ.

ಅವಳು ಕ್ಯಾನಿನ ಬಾಯಿಗೆ ಅಂಗೈ ಅಡ್ಡ ಇಟ್ಟಳು. 'ಇದ ಕೊಡಾಕಿಲ್ಲ ತಾತ. ಇದು ಕೊಂಬಿನ ಹಾಲು.'

ಹಾಲು ಬರುವುದು ಕೆಚ್ಚಲಿನಿಂದ ಎಂದು ನಂಬಿರುವ ಓದುಗರು ದಯವಿಟ್ಟು ಗಾಬರಿಯಾಗಬೇಡಿ. ಅದು ಕೊಂಬಿನ ಹಾಲು ಹೇಗಾಯಿತು ಎಂದು ಹೇಳಬೇಕಾದರೆ, ನಾನು ಎಂಥವನಾಗಿದ್ದೆ ಎಂದು ಮೊದಲು ಹೇಳಬೇಕು. ಅದೇ ಸ್ವಲ್ಪ ಕಷ್ಟ.

ತೊಂಬತ್ತರ ದಶಕದಲ್ಲಿ ಆ ಡೇರಿಗೆ ನಾನೇ ಸೆಕ್ರೆಟರಿ. ಊರಿನವರು ಎರಡು ಹೊತ್ತೂ ಹಾಲು ತಂದು ಅಳೆಸುತ್ತಿದ್ದರು. ಅಳೆಯುವ ಮೊದಲು ಒಬ್ಬೊಬ್ಬರ ಹಾಲಿನಿಂದಲೂ ಒಂದು ಸಣ್ಣ ಬಾಟಲಿ ತೆಗೆದಿಟ್ಟು, ಅದರಲ್ಲಿ ಜಿಡ್ಡು ಎಷ್ಟಿದೆ ಎಂದು ನಾನು ಪರೀಕ್ಷೆ ಮಾಡಬೇಕು. ಅದೇ ಸ್ಯಾಂಪಲ್ಲು. ಪರೀಕ್ಷೆಗೆ ಬೇಕಾಗುವುದು ಒಂದು ಗುಟುಕು. ಬಾಟಲಿಯಲ್ಲಿ ಉಳಿಯುವುದು ಅದರ ಹತ್ತರಷ್ಟು. ಊರಿನ ಬಾಟಲಿಗಳೆಲ್ಲ ಸೇರಿದರೆ ದಿನಕ್ಕೆ ಒಂದು ಒಳ್ಳೆಯ ಹಸುವಿನ ಕರಾವು! ಆ ಹಾಲು ಸಂಘದ್ದು, ಮಾರಿ ಸಂಘಕ್ಕೇ ಸೇರಿಸಬೇಕು ಎಂದು ನಿಯಮ. ನಿಯಮ ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ನನಗಿಂತ ಹಿಂದಿನ ಸೆಕ್ರೆಟರಿಯೂ ಅದನ್ನು ಮನೆಗೇ ಒಯ್ಯುತ್ತಿದ್ದ, ಅಕ್ಕಪಕ್ಕದ ಊರಿನವರೂ ಒಯ್ಯುತ್ತಿದ್ದರು, ನಾನೂ ಒಯ್ದೆ. ನಮ್ಮ ಮನೆಯಲ್ಲಿ ಹಸುವಿರಲಿಲ್ಲ, ಎಮ್ಮೆ ಇರಲಿಲ್ಲ, ತುಪ್ಪಕ್ಕೆ ಮಾತ್ರ ಕೊರತೆ ಇರಲಿಲ್ಲ. ನಮ್ಮ ಮನೆಯ ಕಾಫಿ ಕುಡಿಯಲೆಂದೇ ನಾಗಮಂಗಲದಿಂದ ನನ್ನ ಷಡ್ಡಕ ತಿಂಗಳಿಗೆರಡು ಸಲ ಬಂದು ಹೋಗುತ್ತಿದ್ದ.

ಇದು ಊರಿಗೆ ಗೊತ್ತಿರಲಿಲ್ಲ ಎಂದುಕೊಂಡಿರಾ? ಎಲ್ಲರಿಗೂ ಗೊತ್ತಿತ್ತು. ಅದಕ್ಕೇ ಸ್ಯಾಂಪಲ್ ತೆಗೆಯುವಾಗ ದಿನಾ ಜಗಳ. ಬಾಟಲಿಯ ಕುತ್ತಿಗೆ ಮುಟ್ಟುವ ಹಾಗೆ ಹಿಡಿದರೆ ಸಾಕು, ಹೆಂಗಸರು ಮುರಕೊಂಡು ಬೀಳುತ್ತಿದ್ದರು. ಎಲ್ಲರಿಗಿಂತ ಗಟ್ಟಿ ಬಾಯಿ ನಿಂಗಜ್ಜಿಯದು. ಒಂದು ನಾಟಿ ಹಸು ಇಟ್ಟುಕೊಂಡು, ಅರ್ಧ ಲೀಟರು ಹಾಲು ತಂದು, ಅರ್ಧ ಗಂಟೆ ನನ್ನನ್ನು ಬೈದು ಹೋಗುತ್ತಿದ್ದ ಮುದುಕಿ. 'ಸಾಕು ನಿಲ್ಸಪ್ಪೋ! ಏನು, ಪರೀಕ್ಷೆಗೆ ತಕೊತಿದ್ದೀಯೋ ಪಾಯ್ಸಕ್ಕೋ?' ಎನ್ನುತ್ತಿದ್ದಳು. ನಾನು ಕೇಳಿಸದವನ ಹಾಗೆ ನಂಬರು ಬರೆದುಕೊಳ್ಳುತ್ತಿದ್ದೆ.

ಇನ್ನು ಜವರಪ್ಪನ ವಿಷಯಕ್ಕೆ ಬರುತ್ತೇನೆ. ನಾಲೆಯ ಹಳೆಯ ಸೇತುವೆಯ ಮೇಲೆ ಹಾಲಿನ ಲಾರಿ ಬರುತ್ತಿರಲಿಲ್ಲ. ಊರಿನ ಹಾಲಿನ ಕ್ಯಾನುಗಳನ್ನೆಲ್ಲ ಎರಡು ಹೊತ್ತೂ ಗಾಡಿಯಲ್ಲಿ ಹೇರಿ ಟಾರು ರಸ್ತೆಗೆ ಮುಟ್ಟಿಸುತ್ತಿದ್ದವನು ಜವರಪ್ಪ. ಅವನ ಎತ್ತುಗಳು ರಾಮ, ಲಕ್ಷ್ಮಣ. ಹೇಮಗಿರಿಯ ದನದ ಪರಿಷೆಯಲ್ಲಿ ಕರುಗಳಾಗಿದ್ದಾಗ ಹಿಡಿದುಕೊಂಡು, ನಡೆಸಿಕೊಂಡೇ ಊರಿಗೆ ತಂದ ಹಳ್ಳಿಕಾರ್ ಜೋಡಿ. ರಾಮನ ಕೊಂಬು ನೋಡಬೇಕಿತ್ತು ನೀವು! ಹಿಂದಕ್ಕೆ ಬಾಗಿ, ತುದಿಯಲ್ಲಿ ಮತ್ತೆ ಮೇಲೆದ್ದು, ಎರಡೂ ಒಂದೇ ಅಳತೆ. ಸೋಮವಾರ ಎತ್ತುಗಳಿಗೆ ನೊಗ ಹೂಡುವಂತಿಲ್ಲವಲ್ಲ, ಅವತ್ತು ಜವರಪ್ಪ ಹುಡುಗರ ಸೈಕಲ್ಲುಗಳಿಗೆ ಕ್ಯಾನು ಕಟ್ಟಿಸಿ ಹಾಲು ಕಳಿಸಿ, ತಾನು ಜಗಲಿಯ ಮೇಲೆ ಕೂತು ರಾಮನ ಕೊಂಬಿಗೆ ಹರಳೆಣ್ಣೆ ತಿಕ್ಕುತ್ತಿದ್ದ. ಅವನ ಹೆಂಡತಿ, 'ನನ್ ತಲೆಗೊಂದು ದಿನ ಎಣ್ಣೆ ಇಕ್ಕಿದ್ದಿಲ್ಲ ಈ ಗಂಡ್ಸು' ಎಂದು ಬೀದಿಗೆಲ್ಲ ಕೇಳುವ ಹಾಗೆ ಹೇಳುತ್ತಿದ್ದಳು.

ಆ ರಾಮ ಒಂದು ದಿನ ತಲೆ ಕೊಡವತೊಡಗಿತು. ಬಲಗಡೆಯ ಕೊಂಬನ್ನು ಕಂಬಕ್ಕೆ ಉಜ್ಜುವುದು, ಮೇವು ಬಿಟ್ಟು ಸುಮ್ಮನೆ ನಿಲ್ಲುವುದು. ಯಾರದೋ ಕಣ್ಣು ಬಿತ್ತು ಎಂದರು, ಮೆಣಸಿನಕಾಯಿ ನಿವಾಳಿಸಿದರು. ಬಲಗಡೆಯ ಹೊಳ್ಳೆಯಲ್ಲಿ ರಕ್ತ ಕಂಡಾಗ ಜವರಪ್ಪ ನನ್ನ ಹತ್ತಿರ ಓಡಿ ಬಂದ, ನಾನು ಪಾಂಡವಪುರದಿಂದ ದನದ ಡಾಕ್ಟರನ್ನು ಕರೆಸಿದೆ. ಅವರು ಕೊಂಬನ್ನು ಬೆರಳಿನಿಂದ ತಟ್ಟಿದರು, ಬುಡ ಹಿಡಿದು ಮೆಲ್ಲಗೆ ಅಲ್ಲಾಡಿಸಿದರು. ಕೊಂಬು ಅಲ್ಲಾಡಿತು.

'ಕೊಂಬಿನ ಕ್ಯಾನ್ಸರ್' ಎಂದರು.

ಜವರಪ್ಪ ನಕ್ಕುಬಿಟ್ಟ. 'ದಿನಕ್ಕೆ ಎಲ್ಡು ಕಟ್ಟು ಬೀಡಿ ಸೇದೋನು ನಾನು. ಕ್ಯಾನ್ಸರು ಇವನಿಗಾ ಸ್ವಾಮಿ?' ಎಂದ. ನಗು ಮುಗಿಯುವ ಮೊದಲೇ ಮುಖ ಒಂದು ಥರ ಆಯಿತು.

ಕೊಂಬನ್ನು ಬುಡಸಮೇತ ತೆಗೆಯಬೇಕು, ಅದಕ್ಕೆ ಖರ್ಚಿಲ್ಲ, ನಾನೇ ಮಾಡುತ್ತೇನೆ ಎಂದರು ಡಾಕ್ಟರು. ಆಮೇಲೆ ವಾರಕ್ಕೊಂದರಂತೆ ಕೆಲವು ವಾರ ರಕ್ತನಾಳಕ್ಕೆ ಇಂಜೆಕ್ಷನ್ನು. ಅದು ಮನುಷ್ಯರ ಕ್ಯಾನ್ಸರಿಗೆ ಕೊಡುವ ಔಷಧಿ, ದನದ ಆಸ್ಪತ್ರೆಯಲ್ಲಿ ಸಿಗುವುದಿಲ್ಲ, ಮೈಸೂರಿನಿಂದ ತರಿಸಬೇಕು. ಮನುಷ್ಯನಿಗೆ ಒಂದು ಸೀಸೆ ಸಾಕಾದರೆ ಎತ್ತಿನ ಮೈಗೆ ಐದಾರು ಬೇಕು. ಎಲ್ಲ ಸೇರಿದರೆ ಹತ್ತಿರ ಹತ್ತಿರ ಒಂದು ಎತ್ತಿನ ಬೆಲೆ. ಆ ಹೊತ್ತಿಗೆ ದಲ್ಲಾಳಿಯೊಬ್ಬ ಎರಡು ಸಲ ಬಂದು ಕೊಟ್ಟಿಗೆಯಲ್ಲಿ ಇಣುಕಿ ಹೋಗಿದ್ದ. ಅವನು ಕೊಳ್ಳುವುದು ಗಾಡಿ ಹೊಡೆಯಲು ಅಲ್ಲ ಎಂದು ಎಲ್ಲರಿಗೂ ಗೊತ್ತಿತ್ತು.

ಅವತ್ತು ಸಂಜೆ ಹಾಲು ಕಳಿಸಿದ ಮೇಲೆ ಜವರಪ್ಪ ಮನೆಗೆ ಹೋಗದೆ ಡೇರಿಯ ಮೆಟ್ಟಿಲ ಮೇಲೆ ಕೂತ. 'ನಾಳಿದ್ದು ಸಂತೆ ಕಣಪ್ಪ ಸೆಕ್ರೆಟ್ರಿ. ಕೊಟ್ಬುಡು ಅಂತಾವ್ರೆ ಎಲ್ರುವೆ. ಹಗ್ಗ ಅವನ ಕೈಗೆ ಇಕ್ಕಾಕೆ ನನ್ ಕೈ ಬರಾಕಿಲ್ಲ. ನೀನು ಓದ್ದೋನು, ಗಟ್ಟಿ ಮನ್ಸು. ನೀನೇ ಬಂದು ಕೊಟ್ಬುಡು' ಎಂದ.

ಗಟ್ಟಿ ಮನಸ್ಸಂತೆ! ನಾನು ಕೋಳಿ ಕುಯ್ಯುವಾಗ ಹಿತ್ತಲಿಗೆ ಹೋಗುವವನು. ಸ್ಯಾಂಪಲ್ ಹಾಲಿನ ಕ್ಯಾನು ಎತ್ತಿಕೊಂಡು ಮನೆಗೆ ಬಂದೆ. ಬರುತ್ತಾ ಬರುತ್ತಾ ಅದು ಕೈಗೆ ಭಾರವಾಯಿತು. ದಿನಾ ಹೊರುತ್ತಿದ್ದ ಕ್ಯಾನೇ ಅದು. ನನಗೆ ನಾಚಿಕೆಯಾಯಿತು, ಸುತ್ತಿ ಬಳಸಿ ಹೇಳುವುದೇಕೆ.

ನಾಚಿಕೆ ಒಳ್ಳೆಯದೇ. ಆದರೆ ರಾತ್ರಿ ಕಳೆಯುವುದರೊಳಗೆ ನನ್ನ ನಾಚಿಕೆ ದೊಡ್ಡಸ್ತಿಕೆಯಾಗಿ ಬೆಳೆದಿತ್ತು. ಬೆಳಿಗ್ಗೆ ಹಾಲಿನವರು ಸಾಲುಗಟ್ಟಿ ನಿಂತಿದ್ದಾಗ ನಾನು ಖಾಲಿ ಕ್ಯಾನು ಬೋರಲು ಹಾಕಿ ಅದರ ಮೇಲೆ ಹತ್ತಿ ನಿಂತೆ. ಗಂಟಲು ಸರಿಮಾಡಿಕೊಂಡು, 'ಮಹಾಜನಗಳೇ, ಇಂದಿನಿಂದ ನನ್ನ ಸ್ಯಾಂಪಲ್ ಹಾಲನ್ನು ರಾಮನ ಚಿಕಿತ್ಸೆಗಾಗಿ ದಾನ ಮಾಡುತ್ತಿದ್ದೇನೆ' ಎಂದೆ. ಚಪ್ಪಾಳೆಗೆ ಕಾದೆ.

ಸಾಲಿನ ನಡುವಿನಿಂದ ನಿಂಗಜ್ಜಿಯ ದನಿ ಬಂತು.

'ನಿನ್ ಹಾಲಾ? ನೀನ್ಯಾವಾಗಪ್ಪ ಕರ ಹಾಕ್ದೆ?'

ಡೇರಿಗೆ ಡೇರಿಯೇ ನಕ್ಕಿತು. ಕ್ಯಾನಿನ ಮೇಲಿಂದ ನಾನು ಹೇಗೆ ಇಳಿದೆನೋ ಈಗಲೂ ನೆನಪಿಲ್ಲ. 'ಅತ್ತೆ ಒಡವೇನ ಅಳಿಯ ದಾನ ಮಾಡುದ್ನಂತೆ' ಎಂದು ಯಾರೋ ಸೇರಿಸಿದರು. ಆಗ ನಮ್ಮ ಸಂಘದ ಅಧ್ಯಕ್ಷರು, ಐದು ಸೀಮೆಹಸು ಕಟ್ಟಿದ್ದವರು, ಗಂಭೀರವಾಗಿ ಒಂದು ಮಾತು ತೆಗೆದರು. 'ನಗೋ ಮಾತಲ್ಲ ಇದು. ಡೇರಿ ಇರೋದು ಹಾಲು ಕೊಡೋ ರಾಸಿಗೆ. ಎತ್ತು ಯಾವತ್ತಾರ ಹಾಲು ಕೊಟ್ಟದಾ? ಇವತ್ತು ಎತ್ತು ಅಂತೀರಿ, ನಾಳೆ ಟಗರು ಅಂತೀರಿ.'

ನಿಂಗಜ್ಜಿ ಅವರ ಕಡೆ ತಿರುಗಿದಳು. 'ನಿನ್ ಐದು ಹಸಿನ ಹಾಲ ಲಾರಿ ತಂಕ ಹೊತ್ಕೊಂಡೋಗೋನು ಯಾರ್ಲಾ? ನಿಮ್ಮಪ್ಪನಾ?'

ಅಧ್ಯಕ್ಷರನ್ನು ಊರಿನಲ್ಲಿ 'ಲಾ' ಎನ್ನುವ ಧೈರ್ಯ ಇದ್ದದ್ದು ಅವಳೊಬ್ಬಳಿಗೇ. ಅವರು ಹುಟ್ಟಿದಾಗ ಸೂಲಗಿತ್ತಿಯ ಜೊತೆಯಲ್ಲಿ ಇದ್ದವಳಂತೆ. ನಿಂಗಜ್ಜಿ ತನ್ನ ಪುಟ್ಟ ತಂಬಿಗೆಯನ್ನು ನನ್ನ ಮುಂದೆ ಕುಕ್ಕಿದಳು. 'ತಕೊ. ತುಂಬ ತಕೊ. ಚೆಲ್ಲೋ ಅಂಗೆ ತಕೊ. ಇದ ನಿನ್ ಮನೆ ಕಡೀಕೆ ತಿರುಗ್ಸಿದ್ರೆ ಮಾತ್ರ ನೋಡು.'

ಇಷ್ಟು ವರ್ಷ ಒಂದು ತೊಟ್ಟಿಗೆ ಜಗಳವಾಡಿದ ಆ ಜನ ಅವತ್ತಿನಿಂದ ಬಾಟಲಿ ಉಕ್ಕುವವರೆಗೂ ಕೈ ತಡೆಯಲಿಲ್ಲ. 'ಹಿಡೀರಿ ಸೆಕ್ರೆಟ್ರೇ, ಇನ್ನೊಂದೀಟು' ಎನ್ನುವುದು. ಕೆಲವರು ಬಾಟಲಿ ಬಿಟ್ಟು ಲೋಟದಲ್ಲೇ ಕ್ಯಾನಿಗೆ ಸುರಿಯುವುದು. ಅಧ್ಯಕ್ಷರ ಮನೆಯ ಹೆಂಗಸರು ಅಧ್ಯಕ್ಷರಿಗೆ ಹೇಳದೆ ಒಂದು ಸೇರು ಕಳಿಸಿದರು. ಟಾರು ರಸ್ತೆಯ ಹೋಟೆಲಿನವನು ಆ ಹಾಲನ್ನೆಲ್ಲ ತಾನೇ ಕೊಳ್ಳುತ್ತೇನೆಂದು ಒಪ್ಪಿ ಮುಂಗಡವನ್ನೂ ಕೊಟ್ಟ. ಸಂತೆಯ ದಿನ ದಲ್ಲಾಳಿ ಬಂದಾಗ ಜವರಪ್ಪನೇ ಅವನಿಗೆ ಕಾಫಿ ಕೊಟ್ಟು ಕಳಿಸಿದ. ನಮ್ಮ ಮನೆಯ ಕಾಫಿ ಮಾತ್ರ ನೀರಾಯಿತು. 'ಊರಿಗೆ ಉಪಕಾರಿ, ಮನೆಗೆ ಮಾರಿ' ಎಂದು ನನ್ನ ಹೆಂಡತಿ ಲೋಟ ಕುಕ್ಕಿದಳು. ಷಡ್ಡಕ ಬರುವುದನ್ನು ನಿಲ್ಲಿಸಿದ, ಅದೊಂದು ಲಾಭ.

ಆಪರೇಷನ್ ನಡೆದದ್ದು ಡೇರಿಯ ಹಿಂದಿನ ಬಯಲಿನಲ್ಲಿ. ಹುಲ್ಲು ಹಾಸಿ, ಹಗ್ಗ ಹಾಕಿ ರಾಮನನ್ನು ಮಲಗಿಸಿದರು. ಕೊಂಬು ಮರಗಟ್ಟಲು ಸೂಜಿ ಹಾಕಿದರು. ಜವರಪ್ಪ ಅದರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕಿವಿಯಲ್ಲಿ ಏನೋ ಹೇಳುತ್ತಲೇ ಇದ್ದ. 'ಒಂದ್ ಕೊಂಬಲ್ಲಿ ಊರೊಳೀಕೆ ಎಂಗ್ ಬಂದಾನು ಸ್ವಾಮಿ ಇವ್ನು, ಅವನಿಗೂ ಮಾನ ಅನ್ನೋದಿಲ್ವಾ' ಎಂದು ನಡುನಡುವೆ ಡಾಕ್ಟರನ್ನು ಕೇಳುತ್ತಿದ್ದ. ನಾನು ಎಂದಿನಂತೆ ಗೋಡೆಯ ಆಚೆ ಇದ್ದೆ.

ಔಷಧಿ ತರುವ ಕೆಲಸ ನನ್ನದು. ಅದನ್ನು ತಣ್ಣಗೆ ಇಡಬೇಕು ಎಂದು ಡಾಕ್ಟರು ಹೇಳಿದ್ದರಿಂದ ಥರ್ಮಾಸ್ ಫ್ಲಾಸ್ಕು ಹಿಡಿದು ಮೈಸೂರಿನ ಬಸ್ಸು ಹತ್ತಿದೆ. ಔಷಧಿ ಅಂಗಡಿಯ ಯಜಮಾನರು ಚೀಟಿ ನೋಡಿ ಕನ್ನಡಕ ತೆಗೆದರು.

'ರೋಗಿ ಹೆಸರು?'

'ರಾಮ.'

'ವಯಸ್ಸು?'

'ಎಂಟು ವರ್ಷ.'

'ಅಯ್ಯೋ ಶಿವನೇ! ಎಂಟು ವರ್ಷಕ್ಕೇ ಈ ಕಾಯಿಲೆಯೇ' ಎಂದು ಅವರು ಕಣ್ಣು ಒದ್ದೆ ಮಾಡಿಕೊಂಡರು. ನನಗೆ ಬರುವ ಲಾಭ ಬೇಡ, ಕೊಂಡ ಬೆಲೆಗೇ ಕೊಡುತ್ತೇನೆ ಎಂದರು. ನಾನು ಬಾಯಿ ಮುಚ್ಚಿಕೊಂಡೇ ಇದ್ದೆ. ಆ ಹಳೆಯ ಸ್ಯಾಂಪಲ್ ಬುದ್ಧಿ ಇನ್ನೂ ಪೂರ್ತಿ ಹೋಗಿರಲಿಲ್ಲ ನೋಡಿ. ಸೀಸೆಗಳನ್ನು ಎಣಿಸಿಡುತ್ತಾ ಅವರಿಗೆ ಅನುಮಾನ ಬಂತು. 'ಇಷ್ಟೊಂದು ಯಾಕೆ? ಮಗು ತೂಕ ಎಷ್ಟು?'

'ಮುನ್ನೂರೈವತ್ತು ಕೇಜಿ' ಎಂದೆ. ಇನ್ನು ಮುಚ್ಚಿಡುವುದು ಹೇಗೆ?

ಅವರು ನನ್ನನ್ನೇ ನೋಡಿದರು. ನಾನು ಎಲ್ಲವನ್ನೂ ಹೇಳಿದೆ, ನಿಂಗಜ್ಜಿಯ ಮಾತನ್ನೂ ಬಿಡದೆ. ಕೇಳುತ್ತಾ ಕೇಳುತ್ತಾ ಆ ಮನುಷ್ಯ ಗಲ್ಲಾಪೆಟ್ಟಿಗೆ ಹಿಡಿದುಕೊಂಡು ನಕ್ಕರು. 'ಎತ್ತಾದರೇನು, ಆಡಿದ ಮಾತು ಆಡಿದ್ದೇ. ಪ್ರತಿ ವಾರ ನನ್ನ ಹತ್ತಿರಾನೇ ಬನ್ನಿ' ಎಂದು ಎದುರಿನ ಐಸ್ ಕ್ಯಾಂಡಿ ಅಂಗಡಿಯಿಂದ ಐಸು ತರಿಸಿ ಫ್ಲಾಸ್ಕು ತುಂಬಿಸಿಕೊಟ್ಟರು. ಮರುವಾರ ಹೋದಾಗ, 'ಮಗು ಹೇಗಿದೆ?' ಎಂದು ಕೇಳಿದರು. 'ಎರಡು ಹೊರೆ ಹುಲ್ಲು ತಿಂತು' ಎಂದೆ.

ರಾಮ ಬದುಕಿತು. ಗಾಯ ಮಾಯಿತು, ಮೈ ತುಂಬಿಕೊಂಡಿತು. ಆದರೆ ಜವರಪ್ಪ ಅದನ್ನು ಕೊಟ್ಟಿಗೆಯಿಂದ ಹೊರಗೆ ಬಿಡಲೊಲ್ಲ. ಒಂಟಿ ಕೊಂಬು ನೋಡಿ ಜನ ನಗುತ್ತಾರೆ ಎಂದು ಹಟ. ಸಂಕ್ರಾಂತಿ ಬಂತು. ಸಂಜೆ ಊರ ಮುಂದೆ ಹುಲ್ಲಿಗೆ ಬೆಂಕಿ ಹಾಕಿ, ಸಿಂಗರಿಸಿದ ಎತ್ತುಗಳನ್ನು ಕಿಚ್ಚು ಹಾಯಿಸುತ್ತಾರಲ್ಲ, ಎಲ್ಲರ ಎತ್ತೂ ಬಂದು ನಿಂತಿದ್ದವು. ಯಾರೂ ಮೊದಲು ಹಾಯಿಸಲಿಲ್ಲ. ಎಲ್ಲರೂ ಜವರಪ್ಪನ ಬೀದಿಯ ಕಡೆಯೇ ನೋಡುತ್ತಿದ್ದರು. ಕೊನೆಗೆ ಅಧ್ಯಕ್ಷರು, ಹೌದು, ಅದೇ ಅಧ್ಯಕ್ಷರು, ತಾವೇ ಹೋಗಿ, 'ಏಳ್ಲಾ ಜವರ, ನಿನ್ ಎತ್ತು ಬರೋಗಂಟ ಈ ಊರಲ್ಲಿ ಕಿಚ್ಚು ಹಾಯಾಕಿಲ್ಲ ಕಣ್ಲಾ' ಎಂದು ಕರೆತಂದರು. ಇದ್ದ ಒಂದು ಕೊಂಬಿಗೆ ಬಣ್ಣ, ಹಿತ್ತಾಳೆಯ ಕಳಸ. ಇಲ್ಲದ ಕೊಂಬಿನ ಜಾಗಕ್ಕೆ ನಿಂಗಜ್ಜಿ ಕೈಯಾರೆ ಅರಿಸಿನ ಹಚ್ಚಿದಳು. ರಾಮ ಬೆಂಕಿ ಹಾರಿದಾಗ ಊರು ಕೂಗಿದ ಕೂಗು ನಾಲೆಯ ಆಚೆಗೂ ಕೇಳಿರಬೇಕು. ನಾನು ಅತ್ತೆ. ಕೇಳಿದವರಿಗೆ ಹೊಗೆ ಎಂದೆ.

ಆಮೇಲೆ ಆ ಹಾಲು ರೋಗ ಬಿದ್ದ ಪ್ರಾಣಿಗಳಿಗೇ ಮೀಸಲು ಎಂದು ಸಭೆಯಲ್ಲಿ ತೀರ್ಮಾನವಾಯಿತು. ಶಾಲೆಯ ಮೇಷ್ಟರ ನಾಯಿಗೆ ಗಡ್ಡೆಯಾದಾಗ ಅದೇ ಔಷಧಿ ತಂದೆವು. ಕೆ.ಆರ್. ಪೇಟೆ ಕಡೆಯ ಒಂದು ಡೇರಿಯವರು ಬಂದು ಕೇಳಿ ತಿಳಿದುಕೊಂಡು ಹೋದರು. ನಾನು ಊರು ಬಿಟ್ಟ ಮೇಲೆ ಇದೆಲ್ಲ ನಿಂತುಹೋಗಿರುತ್ತದೆ ಎಂದೇ ತಿಳಿದಿದ್ದೆ. ನಾನಿಲ್ಲದೆ ಹೇಗೆ ನಡೆದೀತು ಎಂಬ ಜಂಬ ಬೇರೆ.

ಈಗ ಆ ಹುಡುಗಿ ಕ್ಯಾನಿಗೆ ಕೈ ಅಡ್ಡ ಇಟ್ಟುಕೊಂಡು ಕೂತಿದ್ದಳು. ನಾನು ಏನೂ ಗೊತ್ತಿಲ್ಲದವನಂತೆ, 'ಕೊಂಬಿನ ಹಾಲು ಅಂದ್ರೇನವ್ವ?' ಎಂದು ಕೇಳಿದೆ. ನನ್ನ ಹೆಸರನ್ನು ಅವಳ ಬಾಯಲ್ಲಿ ಕೇಳುವ ಆಸೆ, ಬೇರೇನಿಲ್ಲ.

'ಅದಾ ತಾತ? ಹಿಂದ್ಕೆ ಯಾವನೋ ಒಬ್ಬ ಸೆಕ್ರೆಟ್ರಿ ಇದ್ನಂತೆ. ಜನಗಳ ಹಾಲ್ನೆಲ್ಲ ಮನೆಗೆ ಹೊತ್ಕೊಂಡೋಗಿ ತುಪ್ಪ ಕಾಯಿಸ್ಕೊಂಡು ತಿಂತಿದ್ನಂತೆ. ನಿಂಗಜ್ಜಿ ಅನ್ನೋರು ಅವನಿಗೆ ಬುದ್ಧಿ ಕಲ್ಸಿ, ಆ ಹಾಲಲ್ಲೇ ಒಂದು ಎತ್ತಿನ ಕೊಂಬಿನ ಕ್ಯಾನ್ಸರ್ ವಾಸಿ ಮಾಡ್ಸುದ್ರಂತೆ. ಅವತ್ತಿಂದ ಇದ ಯಾರೂ ಮುಟ್ಟಂಗಿಲ್ಲ. ಈಗ ಆ ಹಸಿನ ಕಣ್ಣಿನ ಗಡ್ಡೆಗೆ ಇದ್ರಲ್ಲೇ ಔಷ್ದಿ ನಡೀತಾ ಅದೆ ನೋಡಿ' ಎಂದು ಹೊರಗೆ ತೋರಿಸಿದಳು. ಹೊಂಗೆ ಮರದ ಕೆಳಗೆ ಒಂದು ಕಣ್ಣಿಗೆ ಬಟ್ಟೆ ಕಟ್ಟಿದ್ದ ಹಸು ಮೆಲುಕು ಹಾಕುತ್ತಾ ಮಲಗಿತ್ತು.

ಫ್ಲಾಸ್ಕು ಇಲ್ಲ, ಮೈಸೂರು ಇಲ್ಲ, ನನ್ನ ಭಾಷಣ ಮೊದಲೇ ಇಲ್ಲ. 'ಆ ಸೆಕ್ರೆಟ್ರಿ ಹೆಸರೇನವ್ವ?' ಎಂದೆ.

'ಅವನ ಹೆಸರು ಕಟ್ಕೊಂಡು ಏನಾಗ್ಬೇಕು ಬುಡಿ ತಾತ.'

ಖಾಲಿ ಚೊಂಬು ಹಿಡಿದು ನೆಂಟರ ಮನೆಗೆ ವಾಪಸು ಬಂದೆ. ನನ್ನ ಹೆಂಡತಿ ಬಾಗಿಲಲ್ಲೇ ನಿಂತಿದ್ದಳು. 'ಹಾಲೆಲ್ಲಿ?' ಎಂದಳು.

'ಕೊಡಾಕಿಲ್ಲ ಅಂದ್ಬುಟ್ಳು ಕಣೆ! ಕ್ಯಾನಿನ ಮೇಲೆ ಇಂಗೆ ಕೈ ಇಟ್ಟು, ಒಂದು ತೊಟ್ಟೂ ಕೊಡಾಕಿಲ್ಲ ಅಂದ್ಬುಟ್ಳು!'

ಅವಳು ಚೊಂಬನ್ನೂ ನೋಡಿದಳು, ನನ್ನ ಮುಖವನ್ನೂ ನೋಡಿದಳು. 'ಅದಕ್ಯಾಕೆ ಇಂಗೆ ಹಲ್ಲು ಕಿಸೀತಾ ಇದ್ದೀರಿ?' ಎಂದಳು.