ಅತ್ತೆ ಇಟ್ಟ ಕಾಂಡಿ

ನಮ್ಮ ಅತ್ತೆಯ ಬಲಗಾಲಿನ ಚಪ್ಪಲಿ ಯಾವಾಗಲೂ ಹೊರ ಅಂಚಿನಲ್ಲೇ ಸವೆಯುತ್ತಿತ್ತು. ಎಡಗಾಲಿನದು ಇನ್ನೂ ಗಟ್ಟಿಯಿರುವಾಗಲೇ ಅದು ಒಂದು ಬದಿ ಕಾಗದದಷ್ಟು ತೆಳ್ಳಗಾಗಿರುತ್ತಿತ್ತು. ವರ್ಷಗಟ್ಟಲೆ ಅದನ್ನು ನೋಡಿದ್ದೇನೆ. ಯಾಕೆ ಎಂದು ಒಮ್ಮೆಯೂ ಕೇಳಲಿಲ್ಲ.

ಅವಳು ನನ್ನ ತಂದೆಯ ತಂಗಿ. ಯಡ್ರಾವದ ಮಗ್ಗದ ಶೆಡ್ಡಿನಲ್ಲಿ, ಲಾಳಿಯೊಳಗಿಡುವ ಕಡ್ಡಿಗೆ ನೂಲು ಸುತ್ತುವ ಕಾಂಡಿ ಮಶೀನಿನ ಮುಂದೆ ನಿಂತು, ನೂಲು ತುಂಬಿದ ಕಾಂಡಿ ತೆಗೆದು ಖಾಲಿಯದನ್ನು ಸಿಕ್ಕಿಸುತ್ತ ಮೂವತ್ತು ವರ್ಷ ಕಳೆದವಳು. ನಾನು ಅದೇ ಶೆಡ್ಡಿನಲ್ಲಿ ಮಗ್ಗ ನಡೆಸುವವನು. ಆದರೆ ಇಚಲಕರಂಜಿಯ ನಮ್ಮ ಗಲ್ಲಿಯ ಜನ ನನ್ನನ್ನು ಗುರುತಿಸುವುದು ಕಬಡ್ಡಿಯಿಂದ. ಇಪ್ಪತ್ತೆರಡನೇ ವಯಸ್ಸಿನಲ್ಲಿ ಅಂತಿಮ ಪಂದ್ಯವೊಂದರಲ್ಲಿ ನನ್ನ ಎಡ ಮೊಣಕಾಲು ತಿರುಚಿತು. ನಮ್ಮ ಗಲ್ಲಿಯ ಕಬಡ್ಡಿ ಮಂಡಳದವರು ಎಣ್ಣೆ ತಿಕ್ಕಿ, ಪಟ್ಟಿ ಕಟ್ಟಿ ಮತ್ತೆ ಒಳಗೆ ಕಳಿಸಿದರು. ಗೆದ್ದೆವು. ತಲೆಗೆ ಫೇಟಾ ಸುತ್ತಿದರು. ಕಾಲನ್ನು ಮಾತ್ರ ಹದಿನಾಲ್ಕು ವರ್ಷ ಯಾರೂ ಕೇಳಲಿಲ್ಲ. ಕೊನೆಗೆ ಮಗ್ಗದ ಮುಂದೆ ಕುಸಿದು ಬಿದ್ದ ಮೇಲೆ ಕೊಲ್ಹಾಪುರದಲ್ಲಿ ಆಪರೇಷನ್ ಆಯಿತು.

ಹೆಂಡತಿ ಬಾಣಂತನಕ್ಕೆ ಗಡಹಿಂಗ್ಲಜದ ತವರಿಗೆ ಹೋಗಿದ್ದಳು. ಅತ್ತೆ ಪಾಳಿ ಮುಗಿಸಿ ನಮ್ಮ ಮನೆಗೇ ಬರತೊಡಗಿದಳು. ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸಿ ಮೊಣಕಾಲು ಮಡಚಬೇಕೆಂದು ಡಾಕ್ಟರು ಹೇಳಿದ್ದರು. ನಾನು ನೋವಿಗೆ ಹೆದರಿ ಸುಮ್ಮನೆ ಮಲಗಿರುತ್ತಿದ್ದೆ. ಅವಳು ಶೆಡ್ಡಿನಿಂದ ಒಂದು ಒಡಕು ಕಾಂಡಿ ತಂದು ಹಾಸಿಗೆಯ ಮೇಲಿಟ್ಟಳು. ಹಿಮ್ಮಡಿ ಅದನ್ನು ಮುಟ್ಟಬೇಕು. ದಿನಕ್ಕೊಂದು ಬೆರಳಿನಷ್ಟು ಅದು ನನ್ನ ಸೊಂಟದ ಕಡೆಗೆ ಸರಿಯುತ್ತಿತ್ತು.

"ಗೆರಿ ಮುಟ್ಟಾಕ ಹುಲಿ ಹಂಗ ಹಾರತಿದ್ದಿ. ಕಾಂಡಿ ಮುಟ್ಟಾಕ ಅಳತಿ ಏನೋ?"

"ಅತ್ತಿ, ಜೀವ ಹೋಗತೈತಿ."

"ಹೋದ್ರ ಹೋಗಲಿ. ಕಾಲ ಮಡಚಿ ಹೋಗ."

ಮೂರನೇ ವಾರ ಮಂಡಳದವರು ಶಾಲು, ತೆಂಗಿನಕಾಯಿ ಹಿಡಿದು ಬಂದರು. ಟೂರ್ನಮೆಂಟಿನ ಉದ್ಘಾಟನೆಯಂತೆ. "ನೀವ ಒಂದ ಸಲ ಗೆರಿ ದಾಟಿ ಕಬಡ್ಡಿ ಅಂದ್ರ ಸಾಕರಿ ಅಣ್ಣಾ. ಆಡೋರಿಗೆ ಹುರುಪ ಬರತೈತಿ," ಎಂದರು. ನಾನು ಆಗಲಿ ಎಂದು ತಲೆಯಾಡಿಸಿಬಿಟ್ಟೆ. ಅತ್ತೆ ಹಿಟ್ಟಿನ ಕೈಯಲ್ಲೇ ಒಳಗಿನಿಂದ ಬಂದಳು.

"ಹುರುಪ ಬೇಕಂದ್ರ ನೀವ ಹಾರ್ರಿ! ಹದಿನಾಕ ವರ್ಷ ಇಂವಾ ಕುಂಟಾಕತ್ತಾಗ ಎಲ್ಲಿ ಹೋಗಿದ್ರಿ? ಈಗ ಶಾಲ ಹೊಚ್ಚಿ ಮತ್ತ ಮುರ್ಯಾಕ ಬಂದೀರೇನ?"

ಅವರು ಕಾಯಿ ಅಲ್ಲೇ ಬಿಟ್ಟು ಹೋದರು. ಅತ್ತೆ ಅಂದೇ ಅದನ್ನೊಡೆದು ಚಟ್ನಿ ಮಾಡಿದಳು.

ತಪಾಸಣೆಗೆ ಕೊಲ್ಹಾಪುರಕ್ಕೆ ನನ್ನನ್ನು ಕರೆದುಕೊಂಡು ಹೋದವಳೂ ಅವಳೇ. ಡಾಕ್ಟರು ನನ್ನ ಕಾಲು ನೋಡಿ ಮುಗಿಸಿ, ಬಾಗಿಲತ್ತ ನಡೆಯುತ್ತಿದ್ದ ಅವಳನ್ನು ನೋಡಿದರು. "ಮಾವಶಿ, ನೀವೂ ಕುಂಟತೀರಲ್ಲ. ಕೂಡ್ರಿ, ಮೊಣಕಾಲ ತೋರಸ್ರಿ," ಎಂದು ಮರಾಠಿಯಲ್ಲಿ ಹೇಳಿದರು. ಅವಳು ನಕ್ಕಳು. ಹೊರಗೆ ಬಂದು ನನಗೆ ಹೇಳಿದಳು: "ನಂದೇನ ಆಟದಾಗ ಹೋದ ಕಾಲಲ್ಲ, ನಿಂತ ನಿಂತ ಹೋಗೈತಿ. ಇದನ್ನ್ಯಾರ ನೋಡ್ತಾರ?"

ಅದು ಪ್ರಶ್ನೆಯಾಗಿತ್ತು. "ಗಾಡಿ ತಪ್ಪತೈತಿ, ನಡಿ ಅತ್ತಿ," ಎಂದವನು ನಾನು. ಈ ಮಾತಿಗೆ ಮಂಡಳದವರನ್ನು ದೂರುವಂತಿಲ್ಲ.

ಹೋದ ವರ್ಷ ನಾಲ್ಕೇ ದಿನದ ಜ್ವರದಲ್ಲಿ ಅವಳು ತೀರಿಕೊಂಡಳು. ಜ್ವರ ಬರುವ ಹಿಂದಿನ ದಿನದವರೆಗೆ ಮಶೀನಿನ ಮುಂದೆ ನಿಂತೇ ಇದ್ದಳು, ಅದೇ ಸವೆದ ಚಪ್ಪಲಿಯಲ್ಲಿ.

ಮೂರನೇ ದಿನ ಗಲ್ಲಿಯ ಬಾಯಿಗೆ ಮಂಡಳದವರು ಶ್ರದ್ಧಾಂಜಲಿಯ ಫ್ಲೆಕ್ಸ್ ಕಟ್ಟಿದ್ದರು. ಅದರಲ್ಲಿ ಫೇಟಾ ಸುತ್ತಿದ ನನ್ನ ಫೋಟೋ ಒಂದಾಳೆತ್ತರ. ಅವಳದು ಮೂಲೆಯಲ್ಲಿ, ಅಂಗೈಯಷ್ಟು. ಕೆಳಗೆ ಅವಳ ಹೆಸರೂ ಇರಲಿಲ್ಲ. "ನಾಮಾಂಕಿತ ಕಬಡ್ಡಿಪಟುವಿನ ಅತ್ತೆ" ಎಂದಷ್ಟೇ ಬರೆಸಿದ್ದರು. ಮೂವತ್ತು ವರ್ಷ ಇದೇ ಗಲ್ಲಿಯಿಂದ ಕೆಲಸಕ್ಕೆ ನಡೆದವಳ ಹೆಸರು ಇವರಿಗೆ ಗೊತ್ತಿರಲಿಲ್ಲವೇ? ಕೇಳಿಕೊಳ್ಳಲು ನಮ್ಮ ಮನೆ ಎಷ್ಟು ದೂರವಿತ್ತು?

ನಾನು ಏಣಿ ತಂದು ಒರಗಿಸಿ ಹತ್ತತೊಡಗಿದೆ.

"ಅಣ್ಣಾ, ಕಾಲ ಜ್ವಾಕಿ! ಇಳೀರಿ, ನಾವ ತಗೀತೇವಿ," ಎಂದು ಮಂಡಳದವರು ಕೆಳಗಿನಿಂದ ಕೂಗಿದರು.

"ಈ ಕಾಲ ನಿಮ್ಮದಲ್ಲ," ಎಂದೆ.

ಒಂದೊಂದು ಮೆಟ್ಟಿಲಿಗೂ ಮೊಣಕಾಲು ಅವಳು ಹೇಳಿಕೊಟ್ಟಂತೆಯೇ ಮಡಚಿತು. ಮೇಲೆ ಹೋಗಿ ಫ್ಲೆಕ್ಸಿನ ಹಗ್ಗ ಕೊಯ್ದೆ.