ಹೊಸಿಲು ದಾಟಿದ ಕ್ರಾಲ್

ನನ್ನ ಮೊಮ್ಮಗಳು ಇವತ್ತು ಕ್ರಾಲ್ ಮಾಡಿದಳು! ಬರೀ ಕ್ರಾಲ್ ಅಲ್ಲ, ಹೊಸಿಲನ್ನೇ ದಾಟಿಬಿಟ್ಟಳು!

ಈ ಇಂಗ್ಲಿಷ್ ಮಾತು ನನಗೆ ಸಿಕ್ಕಿದ್ದು ಡಾಕ್ಟರಿಂದ. ಹೋದ ತಿಂಗಳು ಸೂಜಿ ಹಾಕಿಸಲು ಹೋದಾಗ ಅವರು, "ಇನ್ನೂ ಕ್ರಾಲ್ ಮಾಡ್ತಿಲ್ವಾ?" ಎಂದು ಕೇಳಿದರು. ಮಗಳ ಮುಖ ಬಾಡಿತು. ನಾನು ಓದಿದವಳಲ್ಲ. ಹೊರಗೆ ಬಂದ ಮೇಲೆ, "ಅಂಗಂದ್ರೆ ಏನವ್ವ?" ಎಂದೆ.

"ಅಂಬೆಗಾಲು ಇಡೋದಮ್ಮ. ಮೆಲ್ಲಗೆ ಮುಂದಕ್ಕೆ ಹೋಗೋದು. ಇನ್ನೊಂದು ತಿಂಗಳು ನೋಡೋಣ ಅಂದ್ರು."

ಅಂದಿನಿಂದ ನನಗೆ ಅನ್ನ ರುಚಿಸಿಲ್ಲ.

ಮಗು ನೋಡಿಕೊಳ್ಳಲೆಂದು ಶೆಟ್ಟಿಹಳ್ಳಿಯಿಂದ ಜಕ್ಕೂರಿನ ಈ ಫ್ಲಾಟಿಗೆ ಬಂದವಳು ನಾನು. ಮಗಳು, ಅಳಿಯ ಕೆಲಸಕ್ಕೆ ಹೊರಟರೆ ಸಂಜೆಯವರೆಗೆ ನಾನು, ಮಗು, ಇಬ್ಬರೇ. ಇಲ್ಲಿ ಎಲ್ಲರ ಬಾಗಿಲೂ ಮುಚ್ಚಿರುತ್ತದೆ. ಮಧ್ಯಾಹ್ನ ನಮ್ಮದೊಂದನ್ನು ತೆರೆದಿಟ್ಟು, ಕಂಬಳಿ ಹಾಸಿ ಕೂರುತ್ತೇನೆ. ಲಿಫ್ಟ್ ಸದ್ದಾದಾಗಲೆಲ್ಲ, "ಯಾರೋ ಬಂದ್ರು ನೋಡು" ಎಂದು ಮಗುವಿಗೆ ಹೇಳುತ್ತೇನೆ. ನಮ್ಮ ಮನೆಗೆ ಯಾರೂ ಬರುವುದಿಲ್ಲ.

ಇವತ್ತು ಲಿಫ್ಟ್ ಸದ್ದು ಮಾಡಿದಾಗ ಬೇಜಾರಾಗಿ ಸುಮ್ಮನಿದ್ದೆ. ಮಗು ತಾನೇ ಕೈ ಊರಿ ಹೊಟ್ಟೆ ಎತ್ತಿದಳು. ಒಂದು ಮಂಡಿ, ಆಮೇಲೆ ಇನ್ನೊಂದು. ಹೊಸಿಲಿನ ಕುಂಕುಮ ಅಂಗೈಗೆ ಮೆತ್ತಿಕೊಂಡು ಆಚೆಗೆ ಇಳಿದೇಬಿಟ್ಟಳು.

"ನೋಡ್ರಪ್ಪಾ! ಯಾರಾದ್ರೂ ಬಂದು ನೋಡ್ರಪ್ಪಾ!"

ಒಂದು ಬಾಗಿಲೂ ತೆರೆಯಲಿಲ್ಲ. ಅವಳನ್ನು ಅಪ್ಪಿಕೊಂಡು ಅಲ್ಲೇ ಅತ್ತುಬಿಟ್ಟೆ. ಮಗಳಿಗೆ ಫೋನ್ ಮಾಡಿದರೆ ಎತ್ತಲಿಲ್ಲ. ಮಗು ಹೊಸಿಲು ದಾಟಿದ ದಿನ ನಮ್ಮಲ್ಲಿ ಹೊಸಿಲ ಮೇಲೆ ಕಾಯಿ ಒಡೆದು, ಕಡುಬು ಮಾಡಿ, ಮನೆಮಂದಿಯೆಲ್ಲ ಒಟ್ಟಿಗೆ ಕೂತು ಉಣ್ಣಬೇಕು. ಒಬ್ಬಳೇ ಕಡುಬಿಗೆ ಹಿಟ್ಟು ಕಲಸಿದೆ. ಎಂಥ ಸಂತೋಷ, ಹೇಳಿಕೊಳ್ಳಲು ಒಂದು ನರಪಿಳ್ಳೆ ಇಲ್ಲ.

ಸಂಜೆ ಮಗಳೇ ಫೋನ್ ಮಾಡಿದಳು. "ಲೇಟಾಗತ್ತಮ್ಮ. ಹೆಬ್ಬಾಳದಲ್ಲಿ ಬಸ್ಸು ಕ್ರಾಲ್ ಮಾಡ್ತಿದೆ."

"ನಿನ್ ಮಗ್ಳೂ ಮಾಡವ್ಳೆ ಕಣೇ! ಹೊಸ್ಲು ದಾಟವ್ಳೆ!"

"ನನ್ನ ಸಮಾಧಾನಕ್ಕೆ ಹೇಳ್ಬೇಡಮ್ಮ" ಎಂದಳು.

"ಬಂದು ಅವಳ ಅಂಗೈ ನೋಡು. ಕುಂಕುಮ ಇನ್ನೂ ತೊಳ್ದಿಲ್ಲ."

ಬಂದವಳು ಚಪ್ಪಲಿಯನ್ನೂ ಬಿಡದೆ ಆ ಅಂಗೈ ಹಿಡಿದು ಕೂತಳು. ಅಳಿಯ ಕಾಯಿ ಒಡೆದರು. ದಿನವೂ ಒಬ್ಬೊಬ್ಬರು ಒಂದೊಂದು ಹೊತ್ತಿಗೆ ತಟ್ಟೆ ಹಿಡಿಯುವ ಮನೆ ಇದು. ಇವತ್ತು ಎಲ್ಲರೂ ನೆಲದ ಮೇಲೆ ಸಾಲಾಗಿ ಕುಳಿತೆವು. ಮಗು ಅಮ್ಮನ ತಟ್ಟೆ ದಾಟಿ, ಅಪ್ಪನ ತಟ್ಟೆ ದಾಟಿ, ಮೆಲ್ಲಗೆ ಬಂದು ನನ್ನ ಕಡುಬಿಗೇ ಕೈ ಹಾಕಿದಳು.

"ಅಜ್ಜೀದೇ ಬೇಕೇನೇ ನಿಂಗೆ?" ಎಂದರು ಅಳಿಯ, ನಗುತ್ತ.

ನಾನು ತುಪ್ಪದ ಬಟ್ಟಲು ಹತ್ತಿರಕ್ಕೆ ಎಳೆದುಕೊಂಡೆ.